ಎರಡೂ ಮನೆಯ ಪಾಲು: ವಂಶವಾಹಿಗಳ ಲೆಕ್ಕ ಮತ್ತು ಸಂಬಂಧದ ಮದುವೆ

(ಗುಬ್ಬಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಕುಣಿಗಲ್ ಎಂದೊಡನೆ ಹಲವರಿಗೆ ಕೆರೆ ನೆನಪಾಗುತ್ತದೆ. ಆ ಊರಿಗೆ ಕುದುರೆಯಿಂದಲೂ ಹೆಸರಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ರಾವುತರಿಗೆ ಕುದುರೆ ಒದಗಿಸುತ್ತಿದ್ದ ಅಲ್ಲಿನ ಸಾಕಣೆಯ ಜಾಗ ಕೈಯಿಂದ ಕೈಗೆ ದಾಟುತ್ತ ಬಂದು, 1992ರಲ್ಲಿ ಗುತ್ತಿಗೆಗೆ ಹೋದ ಮೇಲೂ ರೇಸಿನ ಥರೋಬ್ರೆಡ್ ಕುದುರೆಗಳ ತವರಾಗಿ ಉಳಿಯಿತು. ಥರೋಬ್ರೆಡ್ ಮರಿಯೊಂದು ಹುಟ್ಟಿದರೆ ತಂದೆ ಯಾರು, ತಾಯಿ ಯಾರು, ಹುಟ್ಟಿದ್ದು ಯಾವತ್ತು, ಮೈಬಣ್ಣ ಏನು ಎಂಬುದೆಲ್ಲ ವಂಶಾವಳಿಯ ಪುಸ್ತಕಕ್ಕೆ ಏರಬೇಕು. ಇಂಗ್ಲೆಂಡಿನಲ್ಲಿ ಈ ಪುಸ್ತಕ 1791ರಲ್ಲೇ ಶುರುವಾಯಿತು. ಮನುಷ್ಯರ ಮನೆತನಗಳಲ್ಲಿ ಇಷ್ಟು ಶಿಸ್ತಿನಿಂದ ಲೆಕ್ಕ ಇಟ್ಟವರು ಅಪರೂಪ.

ಥರೋಬ್ರೆಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಬಣ್ಣ ಎರಡು. ಮೈ ಕಂದಾಗಿದ್ದು ಜೂಲು, ಬಾಲ, ಕಾಲಿನ ಕೆಳಭಾಗ ಕಪ್ಪಾಗಿದ್ದರೆ ಅದನ್ನು ‘ಬೇ’ ಎನ್ನುತ್ತಾರೆ. ಮೈ, ಜೂಲು, ಬಾಲ ಎಲ್ಲವೂ ಕೆಂಗಂದಾಗಿ, ಕಪ್ಪು ಕೂದಲು ಎಲ್ಲೂ ಇಲ್ಲದಿದ್ದರೆ ಅದು ‘ಚೆಸ್ಟ್‌ನಟ್’. ಅಪ್ಪಟ ಕಪ್ಪು ಕುದುರೆಗಳು ಕಡಿಮೆ. ಬೇ ಬಣ್ಣದ ಜೋಡಿಗೆ ಆಗೀಗ ಚೆಸ್ಟ್‌ನಟ್ ಮರಿ ಹುಟ್ಟುತ್ತದೆ. ಚೆಸ್ಟ್‌ನಟ್ ಜೋಡಿಗೆ ಮಾತ್ರ ಬೇ ಮರಿ ಹುಟ್ಟಿದ್ದೇ ಇಲ್ಲ.

ಇದನ್ನು ಪುಸ್ತಕದ ಸಾಕ್ಷಿಯೊಂದಿಗೆ ತೋರಿಸಿದವನು ಚಾರ್ಲ್ಸ್ ಹರ್ಸ್ಟ್ ಎಂಬ ಇಂಗ್ಲಿಷ್ ಆರ್ಕಿಡ್ ಬೆಳೆಗಾರ. ತಂದೆತಾಯಿ ಇಬ್ಬರೂ ಚೆಸ್ಟ್‌ನಟ್ ಆಗಿದ್ದ ಸಾವಿರಕ್ಕೂ ಹೆಚ್ಚು ಮರಿಗಳ ದಾಖಲೆಯನ್ನು ಅವನು ಜಾಲಾಡಿದ. ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಎಲ್ಲವೂ ಚೆಸ್ಟ್‌ನಟ್. ಆ ಕೆಲವು ಬರೆದವರ ತಪ್ಪು ಎಂದ. ಆಕ್ಸ್‌ಫರ್ಡಿನ ಪ್ರೊಫೆಸರ್ ವೆಲ್ಡನ್ ಒಪ್ಪಲಿಲ್ಲ. ಅದೇ ಪುಸ್ತಕದ ಸಂಪುಟಗಳನ್ನು ತಾವೂ ಹಿಡಿದು ಕೂತು ಅಪವಾದಗಳನ್ನು ಹೆಕ್ಕತೊಡಗಿದರು. ಆ ಕೆಲಸದ ನಡುವೆಯೇ 1906ರ ಏಪ್ರಿಲ್‌ನಲ್ಲಿ ನ್ಯುಮೋನಿಯಾದಿಂದ ತೀರಿಹೋದರು, ವಯಸ್ಸು 46. ಕುದುರೆಯ ಬಣ್ಣಕ್ಕಾಗಿ ಇಷ್ಟು ಹಟವೇ ಎನ್ನಿಸಬಹುದು. ಆದರೆ ಅವರಿಬ್ಬರ ನಡುವಿನ ಪ್ರಶ್ನೆ ಬಣ್ಣದ್ದಲ್ಲ. ತಂದೆತಾಯಿಯ ಗುಣ ಮಕ್ಕಳಿಗೆ ಇಳಿಯುವುದಕ್ಕೆ ಎಣಿಸಬಹುದಾದ ಲೆಕ್ಕವಿದೆಯೇ ಎಂಬುದು ಆ ಪ್ರಶ್ನೆ.

ಲೆಕ್ಕವಿದೆ ಎಂದು ಮೊದಲು ತೋರಿಸಿದವನು ಗ್ರೆಗರ್ ಮೆಂಡೆಲ್. ಇಂದಿನ ಚೆಕ್ ದೇಶದ ಬ್ರ್ನೋ ನಗರದ ಮಠದಲ್ಲಿ ಬಟಾಣಿ ಬೆಳೆದ ಈ ಸನ್ಯಾಸಿ 1865ರಲ್ಲಿ ತನ್ನ ಫಲಿತಾಂಶವನ್ನು ಊರಿನ ವಿಜ್ಞಾನ ಸಂಘದ ಮುಂದೆ ಓದಿದ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಕೆ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲ ಕಾಳೂ ದುಂಡು. ಅವನ್ನು ಬಿತ್ತಿ ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟಾಗ ಸಿಕ್ಕ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಕಾಣೆಯಾಗಿದ್ದ ಸುಕ್ಕು ಒಂದು ತಲೆಮಾರು ಬಿಟ್ಟು ಮರಳಿ ಬಂದಿತ್ತು. ಈ ಬರಹವನ್ನು 35 ವರ್ಷ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. 1900ರಲ್ಲಿ ಯೂರೋಪಿನ ಮೂವರು ಸಸ್ಯವಿಜ್ಞಾನಿಗಳು ಬೇರೆ ಬೇರೆಯಾಗಿ ಅಲ್ಲಿಗೇ ಬಂದು ತಲುಪಿದಾಗ ಮೆಂಡೆಲ್ ಸತ್ತು 16 ವರ್ಷವಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ಗುಣವನ್ನು ಹೊತ್ತು ತರುವ ಪ್ರತಿ ವಂಶವಾಹಿಯ (ಜೀನ್) ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ತಾಯಿಯ ಮನೆಯದು, ಇನ್ನೊಂದು ತಂದೆಯ ಮನೆಯದು. ಮಗುವಿಗೆ ಕೊಡುವಾಗ ಆ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಯಾವುದು ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಕುದುರೆಯಲ್ಲಿ ಕಪ್ಪು ಬಣ್ಣ ತಯಾರಾಗಲು ಬಿಡುವ ಪ್ರತಿಯನ್ನು ‘ಕ’ ಎನ್ನೋಣ, ಬಿಡದ ಪ್ರತಿಯನ್ನು ‘ಚ’ ಎನ್ನೋಣ. ಒಂದೇ ಒಂದು ‘ಕ’ ಇದ್ದರೂ ಕಪ್ಪು ತಯಾರಾಗುತ್ತದೆ, ಹಾಗಾಗಿ ಅದು ಪ್ರಬಲ. ಎರಡೂ ‘ಚ’ ಆದರೆ ಮಾತ್ರ ಕುದುರೆ ಚೆಸ್ಟ್‌ನಟ್, ಹಾಗಾಗಿ ಅದು ದುರ್ಬಲ. ಚೆಸ್ಟ್‌ನಟ್ ಜೋಡಿಯ ಬಳಿ ಕೊಡಲು ‘ಚ’ ಬಿಟ್ಟು ಬೇರೇನೂ ಇಲ್ಲ. ಹರ್ಸ್ಟ್ ಕಂಡದ್ದರ ಕಾರಣ ಇಷ್ಟೇ.

‘ಕಚ’ ಇರುವ ಎರಡು ಕುದುರೆಗಳು ಸೇರಿದರೆ? ಚೌಕಾಬಾರ ಆಡಿದವರಿಗೆ ಇದು ಸಲೀಸು. ತಂದೆಯದೊಂದು ಕವಡೆ, ತಾಯಿಯದೊಂದು ಕವಡೆ. ಎರಡನ್ನೂ ಒಟ್ಟಿಗೆ ಎಸೆಯಬೇಕು. ಅಂಗಾತ ಬಿದ್ದರೆ ‘ಕ’, ಬೋರಲು ಬಿದ್ದರೆ ‘ಚ’. ನಿಜವಾದ ಕವಡೆ ಎರಡೂ ಕಡೆಗೆ ಸಮವಾಗಿ ಬೀಳುವುದಿಲ್ಲ, ಆದರೆ ಇಲ್ಲಿನದು ಸಮವಾಗಿ ಬೀಳುತ್ತದೆ ಎಂದು ಇಟ್ಟುಕೊಳ್ಳೋಣ. ಬೀಳುವ ಬಗೆ ನಾಲ್ಕು: ಕ–ಕ, ಕ–ಚ, ಚ–ಕ, ಚ–ಚ. ನಡುವಿನ ಎರಡೂ ಒಂದೇ ಫಲ ಕೊಡುವುದರಿಂದ ಸೇರಿಕೆಗಳು ಮೂರೇ ಬಗೆ, ಅವುಗಳ ಪಾಲು ಒಂದು, ಎರಡು, ಒಂದು. ಹೊರಗೆ ಕಾಣುವಾಗ ಆ ನಾಲ್ಕರಲ್ಲಿ ಮೊದಲ ಮೂರೂ ಒಂದೇ ತರಹ. ಮೂರಕ್ಕೆ ಒಂದು ಎಂಬ ಮೆಂಡೆಲನ ಲೆಕ್ಕ ಹೀಗೆ ಬಂತು. ಇದನ್ನು ನಾಲ್ಕು ಮನೆಯ ಚೌಕವಾಗಿ ಬರೆಯುವ ಪದ್ಧತಿ ತಂದವರು ಕೇಂಬ್ರಿಜಿನ ರೆಜಿನಾಲ್ಡ್ ಪನೆಟ್. ಹೈಸ್ಕೂಲಿನ ಜೀವಶಾಸ್ತ್ರ ಪುಸ್ತಕದಲ್ಲಿ ಎಲ್ಲರೂ ಅದನ್ನು ಬರೆದವರೇ, ಪರೀಕ್ಷೆ ಮುಗಿದ ಮೇಲೆ ಮರೆತವರೇ.

ಬೇ ಬಣ್ಣಕ್ಕೆ ಇನ್ನೊಂದು ವಂಶವಾಹಿಯೂ ಬೇಕು. ತಯಾರಾದ ಕಪ್ಪನ್ನು ಜೂಲು, ಬಾಲ, ಕಾಲಿಗೆ ಮಾತ್ರ ಮಿತಿಗೊಳಿಸುವ ಪ್ರತಿ ‘ಮ’, ಮೈತುಂಬ ಹರಡಲು ಬಿಡುವ ಪ್ರತಿ ‘ಬ’. ಇವುಗಳಲ್ಲಿ ‘ಮ’ ಪ್ರಬಲ. ಎರಡು ಬೇ ಕುದುರೆಗಳು, ಎರಡೂ ‘ಕಚ ಮಬ’ ಎಂದಿಟ್ಟುಕೊಂಡರೆ ಒಂದೊಂದೂ ನಾಲ್ಕು ಬಗೆಯ ಪಾಲನ್ನು ಕೊಡಬಲ್ಲದು: ಕಮ, ಕಬ, ಚಮ, ಚಬ. ನಾಲ್ಕಕ್ಕೆ ನಾಲ್ಕು ಗುಣಿಸಿ ಚೌಕಕ್ಕೆ 16 ಮನೆ. ಅದರಲ್ಲಿ ಒಂಬತ್ತು ಬೇ, ಮೂರು ಕಪ್ಪು, ನಾಲ್ಕು ಚೆಸ್ಟ್‌ನಟ್. ಕಪ್ಪೇ ತಯಾರಾಗದ ಕುದುರೆಗೆ ‘ಮ’ ಇದ್ದರೂ ಒಂದೇ, ಬಿಟ್ಟರೂ ಒಂದೇ. ಆದ್ದರಿಂದಲೇ ಆ ನಾಲ್ಕು ಮನೆಗಳೂ ಒಂದೇ ಬಣ್ಣ.

ಹದಿನಾರು ಮನೆ ಬರೆಯುವ ತಾಳ್ಮೆ ಇಲ್ಲದವರಿಗೆ ಹತ್ತಿರದ ದಾರಿಯಿದೆ. ಒಂದೊಂದು ವಂಶವಾಹಿಯ ಲೆಕ್ಕವನ್ನು ಬೇರೆಯಾಗಿ ಮಾಡಿ ಗುಣಿಸಿದರಾಯಿತು. ‘ಕ’ ಇರುವ ಸಾಧ್ಯತೆ ನಾಲ್ಕರಲ್ಲಿ ಮೂರು, ‘ಮ’ ಇರುವುದೂ ನಾಲ್ಕರಲ್ಲಿ ಮೂರು. ಎರಡೂ ಇದ್ದು ಬೇ ಆಗುವುದು ಹದಿನಾರರಲ್ಲಿ ಒಂಬತ್ತು. ಈ ಗುಣಾಕಾರ ಸರಿಹೋಗುವುದು ಎರಡು ವಂಶವಾಹಿಗಳು ಬೇರೆ ಬೇರೆ ವರ್ಣತಂತುಗಳ (ಕ್ರೋಮೋಸೋಮ್) ಮೇಲಿದ್ದಾಗ. ಕುದುರೆಯಲ್ಲಿ ಒಂದು ಮೂರನೆಯದರ ಮೇಲಿದೆ, ಇನ್ನೊಂದು ಇಪ್ಪತ್ತೆರಡನೆಯದರ ಮೇಲೆ. ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕೂತ ವಂಶವಾಹಿಗಳು ಒಟ್ಟಿಗೇ ಹೋಗುವುದು ಹೆಚ್ಚು. ಅಲ್ಲಿ ಲೆಕ್ಕ ಬೇರೆ.

ಹೀಗೆ ಎಣಿಸುವ ವಂಶವಾಹಿ ಜೋಡಿಗಳು ಹೆಚ್ಚಿದಂತೆ ಸಂಖ್ಯೆ ಓಡುತ್ತದೆ. ಮೂರು ಜೋಡಿಗೆ ಚೌಕದಲ್ಲಿ 64 ಮನೆ, 27 ಬಗೆಯ ಸೇರಿಕೆ. ಹತ್ತು ಜೋಡಿಗೆ 10,48,576 ಮನೆ, 59,049 ಬಗೆ. ಮನುಷ್ಯನ 23 ಜೋಡಿ ವರ್ಣತಂತುಗಳಿಂದ ಒಬ್ಬ ತಂದೆ ಅಥವಾ ಒಬ್ಬ ತಾಯಿ ಕೊಡಬಹುದಾದ ಪಾಲುಗಳೇ 83,88,608 ಬಗೆ. ಇಬ್ಬರದೂ ಸೇರಿದರೆ ಸುಮಾರು 70 ಲಕ್ಷ ಕೋಟಿ. ವರ್ಣತಂತುಗಳು ತಮ್ಮೊಳಗೇ ತುಣುಕು ಬದಲಿಸಿಕೊಳ್ಳುವುದನ್ನು ಇದಕ್ಕೆ ಸೇರಿಸಿಯೇ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು ಒಬ್ಬರ ಹಾಗೆ ಒಬ್ಬರಿಲ್ಲ ಎಂದು ಅಚ್ಚರಿಪಡುವವರಿಗೆ ಉತ್ತರ ಈ ಸಂಖ್ಯೆಯಲ್ಲಿದೆ.

ಗುಬ್ಬಿ ಸೀಮೆಯ ತೋಟದವರಿಗೆ ಇದು ತೆಂಗಿನಲ್ಲೂ ಕಾಣುವ ಸಂಗತಿ. ಎತ್ತರದ ತಳಿ ಮತ್ತು ಗಿಡ್ಡ ತಳಿಯ ತೆಂಗನ್ನು ಕೂಡಿಸುವ ಪ್ರಯೋಗ 1932ರಲ್ಲಿ ನಡೆದದ್ದು ಇಂದಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ. ಕಾಸರಗೋಡಿನ ತೋಟಗಾರಿಕೆ ಬೆಳೆಗಳ ಕೇಂದ್ರ ಸಂಶೋಧನಾಲಯ ಮುಂದೆ ಬಿಡುಗಡೆ ಮಾಡಿದ ‘ಚಂದ್ರಶಂಕರ’ವೂ ಅಂಥ ಕೂಡಿಕೆಯೇ: ಕಿತ್ತಳೆ ಬಣ್ಣದ ಕಾಯಿಯ ಗಿಡ್ಡ ತಾಯಿ, ಪಶ್ಚಿಮ ಕರಾವಳಿಯ ಎತ್ತರದ ತಂದೆ. ಸಸಿಮಡಿಯಲ್ಲಿ ಕೂಡಿಕೆಯ ಸಸಿಯನ್ನು ಆರಿಸುವುದು ಗರಿಯ ತೊಟ್ಟಿನ ಬಣ್ಣ ನೋಡಿ. ತೊಟ್ಟು ತಾಯಿಯಂತೆ ಕಿತ್ತಳೆಯಾಗಿದ್ದರೆ ಅದು ಗಿಡ್ಡ ಮರವೇ ತನ್ನ ಪರಾಗದಿಂದ ಕಟ್ಟಿಕೊಂಡ ಕಾಯಿಯ ಸಸಿ. ಕಂದಿಗೆ ತಿರುಗಿದ್ದರೆ ಎರಡೂ ಕಡೆಯದು. ಚೆನ್ನಾಗಿ ಫಲ ಕೊಟ್ಟ ಹೈಬ್ರಿಡ್ ಮರದ ಕಾಯನ್ನೇ ಬೀಜಕ್ಕಿಟ್ಟ ರೈತ ಆಮೇಲೆ ಒಂದು ಸಸಿ ಎತ್ತರ, ಒಂದು ಗಿಡ್ಡ, ಒಂದು ಮಧ್ಯಮ ಎಂದು ಬೇಸರಪಡುತ್ತಾನೆ. ಅದು ನರ್ಸರಿಯವರ ಮೋಸವಲ್ಲ. ‘ಕಚ’ದಂಥ ಮಿಶ್ರ ಮರ ತನ್ನ ಎರಡು ಬಗೆಯ ಪ್ರತಿಗಳನ್ನೂ ಹಂಚಿಬಿಡುತ್ತದೆ, ಹಾಗಾಗಿ ಪ್ರತಿ ಸಲವೂ ಕೂಡಿಕೆಯಿಂದಲೇ ಹೊಸ ಸಸಿ ಮಾಡಬೇಕು.

ಮನುಷ್ಯರಿಗೆ ಬಂದಾಗ ಈ ಚೌಕ ಬರೀ ಪಾಠವಾಗಿ ಉಳಿಯುವುದಿಲ್ಲ. ಮೊದಲ ಉದಾಹರಣೆ ರಕ್ತದ ಗುಂಪಿನದು. ಎ, ಬಿ, ಒ ಎಂಬ ಮೂರು ಬಗೆಯ ಪ್ರತಿಗಳಿಂದ ಆರು ಸೇರಿಕೆ ಸಾಧ್ಯ, ಹೊರಗೆ ಕಾಣುವುದು ನಾಲ್ಕು ಗುಂಪು. ತಂದೆ ಎ, ತಾಯಿ ಒ. ಹುಟ್ಟಿದ ಮಗು ಬಿ. ಚೌಕದ ಪ್ರಕಾರ ಇದು ಆಗದ ಮಾತು. ಇಂಥ ವರದಿ ಬಂದ ಮನೆಯಲ್ಲಿ ತಾಯಿಯ ನಡತೆಯ ಮೇಲೆ ಸಂಶಯ ಏಳುವುದನ್ನು ಹೇಳಬೇಕಾಗಿಲ್ಲ. ಆದರೆ 1952ರಲ್ಲಿ ಮುಂಬಯಿಯಲ್ಲಿ ವೈ.ಎಂ. ಭೆಂಡೆ ಮತ್ತು ಜೊತೆಗಾರರು ಒಂದು ವಿಚಿತ್ರ ರಕ್ತವನ್ನು ಗುರುತಿಸಿದರು. ಎ, ಬಿ ಎರಡನ್ನೂ ಕಟ್ಟಲು ಬೇಕಾದ ಅಡಿಪಾಯದ ವಸ್ತುವೇ ಆ ರಕ್ತಕಣಗಳಲ್ಲಿರಲಿಲ್ಲ. ಆ ವಸ್ತುವಿನ ವಂಶವಾಹಿ ಬೇರೆ; ಅದರ ಎರಡೂ ಪ್ರತಿ ದುರ್ಬಲವಾದವರಲ್ಲಿ ‘ಬಿ’ ಪ್ರತಿ ಇದ್ದರೂ ಪರೀಕ್ಷೆಯಲ್ಲಿ ‘ಒ’ ಎಂದೇ ಕಾಣುತ್ತದೆ. ಆದರೆ ಆ ತಾಯಿ ಅದನ್ನು ಮಗುವಿಗೆ ದಾಟಿಸಬಲ್ಲಳು. ತಂದೆಯಿಂದ ಅಡಿಪಾಯದ ಒಳ್ಳೆಯ ಪ್ರತಿಯೂ ‘ಒ’ ಪ್ರತಿಯೂ ಬಂದರೆ ಮಗುವಿನ ರಕ್ತ ಬಿ. ‘ಬಾಂಬೆ ಗುಂಪು’ ಎಂದೇ ಹೆಸರಾದ ಈ ರಕ್ತ ಕರ್ನಾಟಕದಲ್ಲೂ ಇದೆ. ಕುದುರೆಯ ಚೆಸ್ಟ್‌ನಟ್ ಹಿಂದೆ ‘ಮ’ ಅಡಗಿದ ಹಾಗೆಯೇ ಇದು. ಒಂದು ವಂಶವಾಹಿ ಇನ್ನೊಂದನ್ನು ಮರೆಮಾಡಿದೆ, ಅಷ್ಟೆ. ಪೂರ್ತಿ ಲೆಕ್ಕ ಗೊತ್ತಿಲ್ಲದೆ ಹೆಣ್ಣಿನ ಮೇಲೆ ದೂರು ಹೊರಿಸುವುದು ಘೋರ ಅನ್ಯಾಯ.

ಆ ಅನ್ಯಾಯ ರಕ್ತದ ಗುಂಪಿಗೆ ನಿಲ್ಲುವುದಿಲ್ಲ. ಹುಟ್ಟು ಕಿವುಡಿನ ಕೆಲವು ಬಗೆಗಳು, ಥಲಸ್ಸೀಮಿಯಾ, ಕುಡಗೋಲು ಕಣದ ರಕ್ತಹೀನತೆ, ಎಳೆಯ ಮಕ್ಕಳ ಸ್ನಾಯು ಸೊರಗಿಸುವ ಎಸ್‌ಎಂಎ, ಹೀಗೆ ನೂರಾರು ಕಾಯಿಲೆಗಳು ಎರಡು ದುರ್ಬಲ ಪ್ರತಿಗಳು ಒಂದೆಡೆ ಸೇರಿದಾಗ ಮಾತ್ರ ಬರುವಂಥವು. ಒಂದೇ ಪ್ರತಿ ಇದ್ದವರು ವಾಹಕರು. ಅವರು ದುಡಿಯುತ್ತಾರೆ, ಉಣ್ಣುತ್ತಾರೆ, ಆರೋಗ್ಯವಾಗಿರುತ್ತಾರೆ. ತಮ್ಮಲ್ಲಿ ಏನಿದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ. ಇಬ್ಬರು ವಾಹಕರು ಗಂಡಹೆಂಡಿರಾದಾಗ ನಾಲ್ಕು ಮನೆಯ ಚೌಕ ಜೀವಂತವಾಗುತ್ತದೆ. ಕಾಯಿಲೆಯ ಮಗುವಿಗೆ ಒಂದು ಪ್ರತಿ ತಂದೆಯದು, ಒಂದು ತಾಯಿಯದು. ಸೊಸೆಯ ತವರಿನಿಂದ ಬಂತು ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ, ಸರಿಯಾಗಿ ಅರ್ಧ ಆ ಮನೆಯದು, ಅರ್ಧ ಈ ಮನೆಯದು.

‘ನಾಲ್ಕರಲ್ಲಿ ಒಂದು’ ಎಂದು ಡಾಕ್ಟರು ಹೇಳಿದರೆ ತಪ್ಪಾಗಿ ತಿಳಿಯುವವರೇ ಹೆಚ್ಚು. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ ಎಂದುಕೊಳ್ಳುತ್ತಾರೆ. ಕವಡೆಗೆ ಹಿಂದಿನ ಆಟ ನೆನಪಿರುವುದಿಲ್ಲ. ಪ್ರತಿ ಬಸಿರಿಗೂ ಲೆಕ್ಕ ಹೊಸದು, ಪ್ರತಿ ಸಲವೂ ನಾಲ್ಕರಲ್ಲಿ ಒಂದೇ. ಇಂಥ ವಾಹಕ ದಂಪತಿಗೆ ನಾಲ್ಕು ಮಕ್ಕಳಾದ 256 ಮನೆಗಳಿದ್ದಾವೆ ಎನ್ನೋಣ. ಗಣಿತ ಹೇಳುವುದು ಹೀಗೆ: 81 ಮನೆಗಳಲ್ಲಿ ನಾಲ್ಕು ಮಕ್ಕಳಿಗೂ ಏನೂ ಇಲ್ಲ. 108 ಮನೆಗಳಲ್ಲಿ ಒಂದು ಮಗುವಿಗೆ, 54 ಮನೆಗಳಲ್ಲಿ ಇಬ್ಬರಿಗೆ, 12 ಮನೆಗಳಲ್ಲಿ ಮೂವರಿಗೆ ಕಾಯಿಲೆ. ಉಳಿದ ಒಂದು ಮನೆಯಲ್ಲಿ ನಾಲ್ವರಿಗೂ. ಆ 81 ಮನೆಯವರು ತಮ್ಮ ವಂಶದಲ್ಲಿ ಇಂಥದ್ದೇನೂ ಇಲ್ಲ ಎಂದು ಧೈರ್ಯದಿಂದ ಹೇಳುತ್ತಾರೆ. ಆ ಒಂದು ಮನೆಯವರು ದೇವಸ್ಥಾನ, ಜ್ಯೋತಿಷಿ ಎಂದು ಅಲೆಯುತ್ತಾರೆ. ಈ ಎರಡೂ ಬಗೆಯ ಮನೆಗಳ ತಂದೆತಾಯಿಯ ವಂಶವಾಹಿಯಲ್ಲಿ ವ್ಯತ್ಯಾಸವಿಲ್ಲ.

ನಮ್ಮ ಸೀಮೆಗೆ ಈ ಲೆಕ್ಕ ಬೇರೆ ಕಡೆಗಿಂತ ಹತ್ತಿರದ್ದು, ಏಕೆಂದರೆ ರಕ್ತಸಂಬಂಧಿಗಳಲ್ಲಿ ಒಂದೇ ದುರ್ಬಲ ಪ್ರತಿ ಇರುವ ಸಾಧ್ಯತೆ ಹೆಚ್ಚು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ದಕ್ಷಿಣ ಕರ್ನಾಟಕದಲ್ಲಿ ಹಳೆಯ ರೂಢಿ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯನ್ನು ನಿಷೇಧದ ಪಟ್ಟಿಯಲ್ಲಿಟ್ಟರೂ, ರೂಢಿಯಿದ್ದ ಕಡೆ ನಡೆಯಬಹುದು ಎಂದು ಬಿಟ್ಟಿದೆ. ಇಂಗ್ಲೆಂಡ್ ಬಿಟ್ಟು 1957ರಲ್ಲಿ ಕಲ್ಕತ್ತೆಗೆ ಬಂದು ನೆಲೆಸಿದ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ದಕ್ಷಿಣ ಭಾರತದ ಈ ಮದುವೆಗಳತ್ತ ಆಗಲೇ ಗಮನ ಹರಿಸಿದ್ದರು. ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ಅಧ್ಯಯನ ನಡೆದದ್ದು 1980ರ ದಶಕದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಜೊತೆಯವರು ನವಜಾತ ಶಿಶುಗಳ ರಕ್ತಪರೀಕ್ಷೆಯ ಜೊತೆಗೆ ತಂದೆತಾಯಿಯ ಸಂಬಂಧವನ್ನೂ ಕೇಳಿ ಬರೆದುಕೊಂಡರು. ಬೆಂಗಳೂರು, ಮೈಸೂರು ನಗರಗಳಲ್ಲಿ 1980ರಿಂದ 1989ರವರೆಗೆ ಹೀಗೆ ದಾಖಲಾದ ಮದುವೆಗಳು ಒಂದು ಲಕ್ಷಕ್ಕೂ ಮೇಲೆ. ಅವುಗಳಲ್ಲಿ ನೂರಕ್ಕೆ ಸುಮಾರು 31 ರಕ್ತಸಂಬಂಧದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪಾಲು ನೂರಕ್ಕೆ 27ರ ಆಸುಪಾಸು. ಓದು ಹೆಚ್ಚಿತು, ನಗರ ಬೆಳೆಯಿತು, ಮದುವೆಯ ಲೆಕ್ಕ ಅಷ್ಟಾಗಿ ಬದಲಾಗಲಿಲ್ಲ.

ಇದಕ್ಕೆ ಕಾರಣ ಮೂಢತನ ಎಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಮಗಳು ಗೊತ್ತಿದ್ದ ಮನೆಗೆ ಹೋಗುತ್ತಾಳೆ, ಅತ್ತೆಯಾಗಿ ಸಿಗುವವಳು ಸ್ವಂತ ಅಜ್ಜಿ, ವರದಕ್ಷಿಣೆಯ ಕಾಟ ಕಡಿಮೆ, ಜಮೀನು ಒಡೆಯುವುದಿಲ್ಲ. ಬಡ ಮನೆಯ ತಾಯಿಗೆ ಇವು ಸಣ್ಣ ಮಾತುಗಳಲ್ಲ. ಸಂಬಂಧದಲ್ಲಿ ಆದ ಮದುವೆಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇದ್ದಾರೆ ಎಂಬುದೂ ನಿಜ. ಯಾವುದೇ ದಂಪತಿಗೆ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಏನಾದರೊಂದು ಹುಟ್ಟು ದೋಷವಿರುತ್ತದೆ. ಅತ್ತೆಯ ಮಗ–ಮಾವನ ಮಗಳ ಮದುವೆಯಲ್ಲಿ ಆ ಪಾಲು ಹೆಚ್ಚುಕಡಿಮೆ ಇಮ್ಮಡಿ. ಹೆದರಿಸುವುದಕ್ಕೂ ಇದು ಸಾಲದು, ಕಣ್ಣುಮುಚ್ಚಿಕೊಳ್ಳುವುದಕ್ಕೂ ಆಗದು. ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಯಾವ ಮನೆಯಲ್ಲಿ ಅಪಾಯ ಎಷ್ಟು ಎಂದು ಆ ಮನೆಯ ಚರಿತ್ರೆ ನೋಡಿ ಎಣಿಸಬೇಕು.

ಎಣಿಸುವ ಬಗೆ ಇದು. ಒಬ್ಬ ಅಜ್ಜಿ ಯಾವುದೋ ಕಾಯಿಲೆಯ ವಾಹಕಿ. ಅವಳ ಮಗನಿಗೆ ಆ ಪ್ರತಿ ಬಂದಿರುವ ಸಾಧ್ಯತೆ ಅರ್ಧ. ಮಗಳಿಗೂ ಅರ್ಧ, ಆ ಮಗಳ ಮಗಳಿಗೆ ಕಾಲು. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಎಂಟರಲ್ಲಿ ಒಂದು. ಮಗುವಿಗೆ ಕಾಯಿಲೆ ಬರುವುದು 32ರಲ್ಲಿ ಒಂದು. ಅದೇ ಸೋದರಮಾವ ಹೊರಗಿನ ಹೆಣ್ಣನ್ನು ತಂದರೆ? ಆ ಜನದಲ್ಲಿ ನೂರಕ್ಕೊಬ್ಬರು ವಾಹಕರು ಎಂದಿಟ್ಟುಕೊಂಡರೆ ಮಗುವಿಗೆ ಬರುವುದು 800ರಲ್ಲಿ ಒಂದು. ಇಪ್ಪತ್ತೈದು ಪಟ್ಟು ವ್ಯತ್ಯಾಸ. ಅಜ್ಜಿಯ ಮೊಮ್ಮಕ್ಕಳೇ, ಅಂದರೆ ಮಗನ ಮಗ ಮತ್ತು ಮಗಳ ಮಗಳು ಮದುವೆಯಾದರೆ 64ರಲ್ಲಿ ಒಂದು.

ಇನ್ನೂ ಗಂಭೀರವಾದ ಸಂದರ್ಭ, ಮನೆಯಲ್ಲಿ ಈಗಾಗಲೇ ಕಾಯಿಲೆಯ ಮಗು ಇದ್ದಾಗ. ಆ ಮಗುವಿನ ಅಕ್ಕ ಆರೋಗ್ಯವಾಗಿದ್ದಾಳೆ, ಮದುವೆಗೆ ಬಂದಿದ್ದಾಳೆ. ಅವಳು ವಾಹಕಿಯಾಗಿರುವ ಸಾಧ್ಯತೆ ಎಷ್ಟು? ಅರ್ಧ ಎನ್ನುವವರು ಬಹಳ. ಚೌಕ ನೋಡಿದರೆ ತಿಳಿಯುತ್ತದೆ: ನಾಲ್ಕು ಮನೆಗಳಲ್ಲಿ ಕಾಯಿಲೆಯದು ಒಂದು, ಅವಳು ಅದರಲ್ಲಿಲ್ಲ. ಉಳಿದ ಮೂರರಲ್ಲಿ ಎರಡು ವಾಹಕರದು. ಹಾಗಾಗಿ ಮೂರರಲ್ಲಿ ಎರಡು. ಅವಳನ್ನು ತಾಯಿಯ ತಮ್ಮನಿಗೇ ಕೊಡುವ ಮಾತು ನಡೆದಿದೆ ಎನ್ನೋಣ. ತಾಯಿ ವಾಹಕಿ ಎಂಬುದು ಖಚಿತ, ಆ ಪ್ರತಿ ಅವಳಿಗೆ ತನ್ನ ತಂದೆತಾಯಿಯಲ್ಲಿ ಒಬ್ಬರಿಂದ ಬಂದಿರಬೇಕು. ಆದ್ದರಿಂದ ತಮ್ಮನಿಗೂ ಅರ್ಧ ಸಾಧ್ಯತೆ. ಮೂರರಲ್ಲಿ ಎರಡನ್ನು ಅರ್ಧದಿಂದ ಗುಣಿಸಿದರೆ ಮೂರರಲ್ಲಿ ಒಂದು. ಅದಕ್ಕೆ ಕಾಲು ಗುಣಿಸಿದರೆ 12ರಲ್ಲಿ ಒಂದು. ಅದೇ ಹುಡುಗಿ ನೂರಕ್ಕೊಬ್ಬ ವಾಹಕನಿರುವ ಹೊರಗಿನ ಮನೆಗೆ ಹೋದರೆ 600ರಲ್ಲಿ ಒಂದು. ಹನ್ನೆರಡಕ್ಕೂ ಆರುನೂರಕ್ಕೂ ಇರುವ ಅಂತರವನ್ನು ನಿಶ್ಚಿತಾರ್ಥಕ್ಕೆ ಮೊದಲು ಆ ಮನೆಯವರಿಗೆ ಯಾರಾದರೂ ಹೇಳಬೇಡವೇ? ಜಾತಕ ಕೂಡಿಸುವುದಕ್ಕೆ ದಿನಗಟ್ಟಲೆ ತೆಗೆದುಕೊಳ್ಳುವ ಹಿರಿಯರು ಇದಕ್ಕೆ ಅರ್ಧ ಗಂಟೆ ಕೊಡಲಾರರೇ?

ಎಲ್ಲ ಕಾಯಿಲೆಗಳೂ ಈ ದಾರಿಯಲ್ಲಿ ಬರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974–75ರಲ್ಲಿ ಬೆಳಕಿಗೆ ಬಂದ ಮೂಳೆಕೀಲುಗಳ ಕಾಯಿಲೆಗೆ ಮೊದಲು ಗದ್ದೆಯ ಕೀಟನಾಶಕವನ್ನೂ, ಅಲ್ಲಿ ಹಿಡಿದು ತಿಂದ ಏಡಿ, ಮೀನುಗಳನ್ನೂ ಅನುಮಾನಿಸಿದ್ದರು. ಸೊಂಟ, ಮೊಣಕಾಲು ನೋವಿನಿಂದ ಶುರುವಾಗಿ ನಡೆಯಲಾಗದ ಸ್ಥಿತಿ ತರುವ ಅದು ಪ್ರಬಲ ವಂಶವಾಹಿಯಿಂದ ಇಳಿದು ಬರುತ್ತದೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು. ಪ್ರಬಲ ಎಂದಮೇಲೆ ಒಂದೇ ಪ್ರತಿ ಸಾಕು, ತಂದೆತಾಯಿಯಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧ. ಇನ್ನು ಎತ್ತರದಂಥ ಗುಣಗಳಿಗೆ ಚೌಕವೇ ಸಾಲದು. 54 ಲಕ್ಷ ಜನರ ಮಾಹಿತಿ ಸೇರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ ಎತ್ತರದೊಂದಿಗೆ ತಳುಕು ಹಾಕಿಕೊಂಡ 12,111 ವ್ಯತ್ಯಾಸಗಳನ್ನು ಗುರುತಿಸಿದೆ. ಅದರ ಮೇಲೆ ಊಟ, ಆರೋಗ್ಯಗಳ ಪಾಲೂ ಇದೆ. ಹುಟ್ಟುವ ಮಗು ಎಷ್ಟು ಜಾಣ, ಎಷ್ಟು ಎತ್ತರ ಎಂದು ನಾಲ್ಕು ಮನೆ ಬರೆದು ಹೇಳುತ್ತೇನೆ ಎನ್ನುವವರನ್ನು ನಂಬಬೇಕಾಗಿಲ್ಲ.

ಚೌಕವನ್ನು ಜನರ ಕೈಗೇ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸೈಪ್ರಸ್ ಸಾಕ್ಷಿ. ಥಲಸ್ಸೀಮಿಯಾ ವಾಹಕರು ತುಂಬಿದ್ದ ಆ ದ್ವೀಪದಲ್ಲಿ 1970ರ ದಶಕದಲ್ಲಿ ಪರೀಕ್ಷೆ ಶುರುವಾಯಿತು. ಮುಂದೆ ಅಲ್ಲಿನ ಚರ್ಚು ಮದುವೆಗೆ ಮುನ್ನ ರಕ್ತಪರೀಕ್ಷೆಯ ಪ್ರಮಾಣಪತ್ರ ಕೇಳತೊಡಗಿತು. ಫಲಿತಾಂಶ ನೋಡಿ ಮದುವೆ ಮುರಿದುಕೊಂಡವರು ತೀರಾ ಕಡಿಮೆ. ಆದರೆ ಕಾಯಿಲೆಯ ಮಕ್ಕಳು ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು, ಏಕೆಂದರೆ ದಂಪತಿಗಳಿಗೆ ಮೊದಲೇ ತಿಳಿದಿತ್ತು, ಬಸಿರಿನಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವ ಅವಕಾಶವೂ ಇತ್ತು. ನಮ್ಮಲ್ಲಿ ಕುಡಗೋಲು ಕಣದ ರಕ್ತಹೀನತೆಯ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮ 2023ರ ಜುಲೈ 1ರಂದು ಆರಂಭವಾಗಿದೆ, 2047ರ ಗುರಿಯಿಟ್ಟುಕೊಂಡಿದೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಜನರಲ್ಲಿ ಈ ಕಾಯಿಲೆ ಇರುವುದರಿಂದ ಕರ್ನಾಟಕವೂ ಅದರಲ್ಲಿದೆ. ಪರೀಕ್ಷೆ ಮಾಡಿಸಿಕೊಂಡವರಿಗೆ ಅವರ ಸ್ಥಿತಿ ತಿಳಿಸುವ ಕಾರ್ಡು ಕೊಡುತ್ತಾರೆ. ಹುಡುಗನ ಕಾರ್ಡು, ಹುಡುಗಿಯ ಕಾರ್ಡು ಜೋಡಿಸಿ ನೋಡಿದರೆ ಮಕ್ಕಳಿಗೆ ಏನಾಗಬಹುದು ಎಂಬುದು ಅಕ್ಷರ ಬಾರದವರಿಗೂ ತಿಳಿಯಬೇಕು ಎಂಬುದು ಅದರ ಉದ್ದೇಶ. ಪನೆಟ್ಟರ ಚೌಕ ಕಾಡಿನ ಹಾಡಿಗಳವರೆಗೆ ಬಂದಿದೆ. ಸಂಬಂಧದಲ್ಲಿ ಕೊಟ್ಟು ತಂದುಕೊಳ್ಳುವ ಬಯಲುಸೀಮೆಯ ಮನೆಗಳಿಗೆ ಅಂಥದ್ದೊಂದು ವ್ಯವಸ್ಥೆ ಇನ್ನೂ ಬಂದಿಲ್ಲ. ಬರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ, ವಾರಕ್ಕೊಮ್ಮೆಯಾದರೂ, ಕೂತು ಲೆಕ್ಕ ಹೇಳಿಕೊಡುವವರು ಇರಬೇಕು.

ಅಲ್ಲಿಯವರೆಗೆ ಗುಬ್ಬಿ, ಕುಣಿಗಲ್, ತುಮಕೂರಿನವರಿಗೆ ಬೆಂಗಳೂರು ದೂರವೇನಲ್ಲ. ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮೂರೂ ಅಲ್ಲಿವೆ. ಯಾವ ವಂಶವಾಹಿಯಲ್ಲಿ ದೋಷ ಎಂದು ಮೊದಲ ಮಗುವಿನಲ್ಲಿ ಗೊತ್ತಾಗಿದ್ದರೆ ಮುಂದಿನ ಬಸಿರಿನಲ್ಲಿ ಹನ್ನೊಂದು ಹನ್ನೆರಡನೆಯ ವಾರದ ಹೊತ್ತಿಗೇ ಪರೀಕ್ಷೆ ಸಾಧ್ಯ. ಗೊತ್ತಾಗದಿದ್ದರೆ ಅದೇ ಪರೀಕ್ಷೆ ಕತ್ತಲೆಯಲ್ಲಿ ಹುಡುಕಿದಂತೆ. ಆದ್ದರಿಂದ ಕಾಯಿಲೆಯ ಮಗು ಇರುವ ಮನೆಯವರಲ್ಲಿ, ಅಂಥ ಮಗುವನ್ನು ಕಳೆದುಕೊಂಡ ಮನೆಯವರಲ್ಲಿ ಒಂದೇ ಬಿನ್ನಹ. ಆ ಮಗುವಿನ ಆಸ್ಪತ್ರೆ ಚೀಟಿ, ರಕ್ತದ ವರದಿ, ಎಕ್ಸ್‌ರೇ ಯಾವುದನ್ನೂ ನೋವಿನಲ್ಲಿ ಹರಿದು ಎಸೆಯಬೇಡಿ. ಒಂದು ಚೀಲದಲ್ಲಿ ಕಟ್ಟಿಡಿ. ಅಜ್ಜ ಅಜ್ಜಿಯಿಂದ ಹಿಡಿದು ಮೂರು ತಲೆಮಾರಿನವರ ಹೆಸರು, ಯಾರಿಗೆ ಯಾರು ಏನಾಗಬೇಕು, ಎಳೆತನದಲ್ಲೇ ತೀರಿಹೋದವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅದರೊಳಗಿಡಿ. ಆ ಮನೆಯ ಇನ್ನೊಬ್ಬ ಹುಡುಗಿಯ ಮದುವೆಯ ಮಾತು ಬಂದ ದಿನ, ಮಾತು ಕೊಡುವ ಮೊದಲು, ಆ ಚೀಲವನ್ನು ಹಿಡಿದು ಆಪ್ತಸಲಹೆಗೆ ಹೋಗಿ.